ಅಕ್ಕನ ಕೊಸರು

ನಾನು ಜರ್ಮನಿಯಲ್ಲಿ ಕನ್ನಡ ಟೀಚರು. ಹೀಗೆಂದರೆ ಹಡಗಲಿಯಲ್ಲಿ ಈಗಲೂ ನಗುತ್ತಾರೆ. "ಅಲ್ಲಿ ಯಾರಿಗೆ ಬೇಕಾಗೈತವಾ ಕನ್ನಡ?" ಬೇಕಾಗಿದೆ. ಶನಿವಾರ ಬೆಳಿಗ್ಗೆ ಬಾಡಿಗೆ ಕೋಣೆಯೊಂದರಲ್ಲಿ ಹನ್ನೆರಡು ಮಕ್ಕಳು ಅಪ್ಪ ಅಮ್ಮನ ಒತ್ತಾಯಕ್ಕೆ ಮುಖ ಊದಿಸಿಕೊಂಡು ಕೂರುತ್ತಾರೆ. ಗೋಡೆಗೆ ದೊಡ್ಡದೊಂದು ಟಚ್ ಸ್ಕ್ರೀನ್ ಇದೆ. ಮೊದಲ ವರ್ಷ ಅದರ ಮೇಲೆ ಅ ಆ ಇ ಈ ಕುಣಿಸಿದ್ದೇ ಕುಣಿಸಿದ್ದು. ಮಕ್ಕಳು ಆಕಳಿಸಿದವು.

ಆಗ ನೆನಪಾದವಳು ಅಕ್ಕ, ಹಡಗಲಿ ಬಸ್‌ಸ್ಟ್ಯಾಂಡಿನ ಹತ್ತಿರ ಮಲ್ಲಿಗೆ ಮಾರುವವಳು. ಅವ್ವ ಬೇಗ ಹೋದ ಮೇಲೆ ನನ್ನನ್ನು ಸಾಕಿದವಳೂ ಬಿ.ಇಡಿ. ಓದಿಸಿದವಳೂ ಅವಳೇ. ಹೂವು, ಸಂತೆ, ಅಡುಗೆ, ಏನಾದರೂ ಮಾತಾಡಿ ವಾರಕ್ಕೊಂದು ಧ್ವನಿ ಸಂದೇಶ ಕಳಿಸು, ಮಕ್ಕಳಿಗೆ ಕೇಳಿಸುತ್ತೇನೆ ಎಂದೆ.

"ನನ್ನ ಮಾತೂ ಪಾಠ ಆಕ್ಕತೇನ್ಲೇ?" ಎಂದು ನಕ್ಕಳು.

ಆಯಿತು. ಮಕ್ಕಳು ಮೊದಲ ಸಲ ಕಿವಿಗೊಟ್ಟು ಕೂತವು.

ಅಕ್ಕ ಮೊಳ ಹಾಕಿ ಹೂವು ಕೊಟ್ಟ ಮೇಲೆ ಗೇಣುದ್ದ ಕೊಸರು ಸೇರಿಸದೆ ಗಿರಾಕಿಯನ್ನು ಕಳಿಸಿದವಳಲ್ಲ. ಮಾತಿನಲ್ಲೂ ಅದೇ ಅಭ್ಯಾಸ. ಪಾಠ ಮುಗಿಸಿ, "ಇದು ಮಕ್ಕಳಿಗಾತು. ಇನ್ನ ನಿನಗ ಕೊಸರು ತಗಾ" ಎಂದು ನನ್ನೊಬ್ಬಳಿಗೇ ಮಾತಾಡುತ್ತಿದ್ದಳು: ಯಾರ ಮನೆಯ ಮದುವೆ, ಯಾರ ಜಗಳ, ನಾನು ಉಂಡೆನೋ ಇಲ್ಲವೋ.

ಮೊದಮೊದಲು ಅದಕ್ಕೇ ಕಾಯುತ್ತಿದ್ದೆ. ಆಮೇಲೆ ಒಂದಿದ್ದ ತರಗತಿ ನಾಲ್ಕಾಯಿತು. ಶುಕ್ರವಾರ ಅಕ್ಕನ ಸಂದೇಶ ಬಂದ ಕೂಡಲೇ ಕಂಪ್ಯೂಟರಿಗೆ ಹಾಕಿ, "ಇದು ಮಕ್ಕಳಿಗಾತು" ಅಂದಲ್ಲಿಗೆ ಕತ್ತರಿಸಿ, ಕೈಮುಗಿಯುವ ಚಿತ್ರವೊಂದನ್ನು ಕಳಿಸಿ ಮುಗಿಸುತ್ತಿದ್ದೆ. ಉಳಿದದ್ದು ಆಮೇಲೆ ಕೇಳಿದರಾಯಿತು. ಫೋನು ತುಂಬದಿರಲೆಂದು ಇಬ್ಬರ ಫೋನಿನಲ್ಲೂ ಸಂದೇಶಗಳು ವಾರಕ್ಕೆ ತಾವೇ ಅಳಿದುಹೋಗುವಂತೆ ಹೊಂದಿಸಿದವಳೂ ನಾನೇ. ಎಂಥ ಜಾಣೆ! ನೆನೆದರೆ ನನ್ನ ಕೈ ನಾನೇ ಕಡಿದುಕೊಳ್ಳಬೇಕು ಅನಿಸುತ್ತದೆ.

ಬರುಬರುತ್ತ ಅವಳ ದನಿ ಸಣ್ಣದಾಯಿತು. ಫೋನು ಹಳೆಯದಾಗಿದೆ ಎಂದುಕೊಂಡು ಶಬ್ದ ಏರಿಸಿದೆ. ನಡುನಡುವೆ ಬುಸುಗುಡುವುದು ಗಾಳಿಯಿರಬೇಕೆಂದು ಅದನ್ನೂ ತೆಗೆದೆ. ಎರಡು ವಾರ ಸಂದೇಶವೇ ಬರದಿದ್ದಾಗ, ಹಬ್ಬದ ವ್ಯಾಪಾರದ ಗಡಿಬಿಡಿ ಎಂದುಕೊಂಡು ಹಳೆಯ ಪಾಠವನ್ನೇ ಮತ್ತೆ ಹಾಕಿದೆ.

ಆಮೇಲೆ ಭಾವನ ಫೋನು ಬಂತು. ನಾನು ಹಡಗಲಿ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿದ್ದರು. ಎದೆಯಲ್ಲಿ ಗಡ್ಡೆಯಂತೆ. ಏಳು ತಿಂಗಳು ದಾವಣಗೆರೆ ಆಸ್ಪತ್ರೆಗೆ ಓಡಾಡಿದ್ದರಂತೆ.

"ನನಗ್ಯಾಕ ಹೇಳಲಿಲ್ಲ?" ಎಂದು ಭಾವನ ಮೇಲೆ ಹರಿಹಾಯ್ದೆ.

ಅವರು ತಬ್ಬಿಬ್ಬಾದರು. "ನಿನಗ ಎಲ್ಲಾ ಹೇಳೀನಿ ಅಂದ್ಲಲ್ಲವಾ. ಗೊತ್ತಾದ ವಾರಾನ ಹೇಳ್ಯಾಳ. ನೀನು ಕೈಮುಗಿದದ್ದನ್ನ ನನಗೂ ತೋರಿಸಿದ್ಲು. 'ಆಕಿಗೆ ಬರಾಕ ಆಗಂಗಿಲ್ಲ, ದೇವರಿಗೆ ಕೈ ಮುಗಿದಾಳ, ನೀವು ಫೋನ್ ಮಾಡಿ ಕಾಡಬ್ಯಾಡ್ರಿ' ಅಂದ್ಲು."

ನಾನು ಕೇಳಿಸಿಕೊಳ್ಳಲೇ ಇಲ್ಲ ಎಂದು ಹೇಳಬೇಕಿತ್ತು. ಹೇಳಿದರೆ ಅಕ್ಕ ಏಳು ತಿಂಗಳು ಯಾರೂ ಇಲ್ಲದ ಕಡೆ ಮಾತಾಡಿದಂತಾಗುತ್ತಿತ್ತು. ಅದನ್ನು ಭಾವನಿಗೆ ಗೊತ್ತುಮಾಡುವ ಧೈರ್ಯ ನನಗಿರಲಿಲ್ಲ.

"ಹೌದು ಭಾವ, ಹೇಳಿದ್ಲು. ರಜಾ ಸಿಗಲಿಲ್ಲ," ಎಂದೆ. ಗೊತ್ತಿದ್ದೂ ಬಾರದ ತಂಗಿ ಎಂದು ಬಯ್ಯಲಿ, ತಡೆದುಕೊಳ್ಳುತ್ತೇನೆ ಅಂದುಕೊಂಡೆ.

ಅವರು ಬಯ್ಯಲಿಲ್ಲ. ಹತ್ತಿರ ಬಂದು ಕೂತು, ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡರು.

"ನಿನ್ನ ಕೂಡ ಮಾತಾಡಾಗ ನನ್ನ ಹೊರಗ ಕಳಿಸ್ತಿದ್ಲು. ನನ್ನ ಮುಂದ ಒಂದಿನಾ ಅಳಲಿಲ್ಲ, ನೋವು ಅನ್ನಲಿಲ್ಲ. ನಿನಗ ಏನೇನು ಹೇಳ್ಯಾಳೋ, ಒಂದೀಟು ಕೇಳಿಸವಾ."

ನನ್ನಲ್ಲಿದ್ದದ್ದು ಪಾಠ ಮಾತ್ರ. ಕಡೆಯದನ್ನು ಹಾಕಿಕೊಟ್ಟೆ. ಅಕ್ಕನ ದನಿ ಗಟ್ಟಿಯಾಗಿ, ಸ್ಪಷ್ಟವಾಗಿ ಬಂತು. ಬಾಳೆನಾರು ನೆನೆಸುವುದು ಹೇಳಿದಳು, ಮೊಗ್ಗು ಜೋಡಿಸುವುದು ಹೇಳಿದಳು. "ಇದು ಮಕ್ಕಳಿಗಾತು" ಎಂದಳು. ಅಲ್ಲಿಗೆ ನಿಂತಿತು.

ಭಾವ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದರು.

"ಮುಂದಿಂದು ಹಾಕವಾ," ಎಂದರು.