ಚೀಟಿಯಲ್ಲಿದ್ದ ‘ಮನೆ’

ಕಂಪೌಂಡರ್ ಸಿದ್ದರಾಮಪ್ಪನ ಬಗ್ಗೆ ಒಳ್ಳೆಯ ಮಾತು ಬರೆಯಲು ನನಗೆ ಮನಸ್ಸಿಲ್ಲ. ನನ್ನ ಅವ್ವ ಚಂದ್ರವ್ವನ ಬಲಗೈ ಮುರಿದದ್ದು ಅವನ ಜಾಣತನದಿಂದ.

ಧಾರವಾಡ ಕಡೆಯವನು. ಮುಂಬಯಿಯ ದಾದರಿನಲ್ಲಿ ಡಾಕ್ಟರ್ ಶೇಖರ ಅವರ ದವಾಖಾನೆಯಲ್ಲಿ ಐದು ವರ್ಷದಿಂದ ಔಷಧಿ ಕಲಸುತ್ತಿದ್ದ. ಡಾಕ್ಟರು ಚೀಟಿಯ ಮೇಲೆ ಲ್ಯಾಟಿನ್ ಗೀಚುತ್ತಿದ್ದರು. ಅದನ್ನು ರೋಗಿಗಳಿಗೆ ಬಿಡಿಸಿ ಹೇಳುವುದು ಇವನ ಕೆಲಸ. ಚಿಕ್ಕಂದಿನಲ್ಲಿ ಮಠದಲ್ಲಿ ನಾಲ್ಕಕ್ಷರ ಸಂಸ್ಕೃತ ಕಲಿತಿದ್ದನಲ್ಲ, ಅದರ ಕೊಬ್ಬು ಬೇರೆ. ‘ತೆರ್ ದಿಯೆ’ ಅಂದರೆ ದಿನಕ್ಕೆ ಮೂರು ಸಲ: ತೆರ್ ನಮ್ಮ ತ್ರಿ, ದಿಯೆ ನಮ್ಮ ದಿವಸ. ‘ನೊಕ್ತೆ’ ಅಂದರೆ ರಾತ್ರಿ: ನಮ್ಮ ನಕ್ತ. ಎಲ್ಲ ಅಣ್ಣತಮ್ಮಂದಿರ ಮಾತು ಎಂದು ಜ್ವರ ಬಂದವರನ್ನೂ ನಿಲ್ಲಿಸಿಕೊಂಡು ಕೊರೆಯುತ್ತಿದ್ದ. ಅಲ್ಲಿಯವರೆಗೆ ಅವನು ಹೇಳಿದ್ದೆಲ್ಲ ಸರಿಯೇ ಇತ್ತಂತೆ. ಅದೇ ಮುಳುವಾಯಿತು.

ಐವತ್ತೆಂಟನೆಯ ಇಸವಿಯಲ್ಲಿ ಅವ್ವನ ಕಾಲು ಬಾತವು. ಡಾಕ್ಟರು ಪದೇ ಪದೇ ಮೂತ್ರ ಬರಿಸಿ ಬಾವಿನ ನೀರಿಳಿಸುವ ಗುಳಿಗೆ ಬರೆದರು. ಬೆಳಗಿನ ಔಷಧಿಗೆ ಯಾವಾಗಲೂ ಇಂಗ್ಲಿಷಿನಲ್ಲಿ ಬರೆಯುತ್ತಿದ್ದವರಿಗೆ ಅಂದು ಯಾಕೋ ಲ್ಯಾಟಿನ್ ಉಕ್ಕಿ ಬಂದಿತ್ತು. ಎಂ, ಎ, ಎನ್, ಇ ಎಂದು ನಾಲ್ಕು ಅಕ್ಷರ ಹಾಕಿದರು. ಸಿದ್ದರಾಮಪ್ಪ ಓದಿ ಹಿಗ್ಗಿದ.

“ಅವ್ವಾರ, ಇದು ನಮ್ಮ ಮಾತs ಐತಿ. ಮನೆ! ಮನ್ಯಾಗ ತಗೋರಿ, ಹೊರಗ ಬ್ಯಾಡ.”

ಅವ್ವ ನಸುಕಿನಲ್ಲೇ ಬೇರೆಯವರ ಮನೆಯ ಅಡುಗೆಗೆ ಹೊರಡುವವಳು. ಮನೆ ಸೇರುತ್ತಿದ್ದುದು ಕತ್ತಲಾದ ಮೇಲೆ. ಆಗಲೇ ಗುಳಿಗೆ ನುಂಗಿದಳು. ರಾತ್ರಿಯಿಡೀ ಚಾಳಿನ ಕೆಳಗಿದ್ದ ಪಾಯಖಾನೆಗೆ ಹತ್ತಿ ಇಳಿದು, ಮೂರನೆಯ ರಾತ್ರಿ ಮೆಟ್ಟಿಲು ತಪ್ಪಿ ಬಿದ್ದಳು.

ಅವಳು ಬಿದ್ದ ಎಂಟನೆಯ ದಿನ ಸಿದ್ದರಾಮಪ್ಪ ನಮ್ಮ ಖೋಲಿಗೆ ಬಂದ. ಕಂಪೌಂಡರುಗಳ ಸರಕಾರಿ ಪಟ್ಟಿಗೆ ಹೆಸರು ಸೇರಲು ಡಾಕ್ಟರ ಸಹಿ ಬೇಕು. ಪಟ್ಟಿಯಲ್ಲಿ ಇಲ್ಲದವನಿಗೆ ಇನ್ನು ಎಲ್ಲಿಯೂ ಕೆಲಸವಿಲ್ಲ. ಚಂದ್ರವ್ವನ ಮನೆಯವರು ತಪ್ಪು ಮನ್ನಿಸಿದ್ದೇವೆಂದು ಬರೆದುಕೊಟ್ಟರಷ್ಟೇ ಸಹಿ ಎಂದಿದ್ದರಂತೆ ಡಾಕ್ಟರು.

“ಚರ್ಚಿನ ಶಾಲ್ಯಾಗ ಲ್ಯಾಟಿನ್ ಕಲಿಸೋ ದೂಜ ಅನ್ನೋ ಮಾಸ್ತರನ್ನ ಕೇಳಿದ್ನಿರಿ,” ಎಂದ. “ಅದು ಮಾನೆ ಅಂತರಿ, ಅಂದ್ರ ಮುಂಜಾನೆ. ಒಳ್ಳೇದು ಅನ್ನೋ ಹಳೇ ಶಬ್ದದಿಂದ ಬಂದದ್ದಂತ. ಅದಕ್ಕ ಉಲ್ಟಾ ಇಮ್ಮಾನಿಸ್. ಅಂದ್ರ ಕ್ರೂರ.”

“ಅದು ನಿನಗ ಒಪ್ಪತೈತಿ. ಹೊರಗ ನಡಿ,” ಎಂದೆ ನಾನು. ಕೈ ಮುರಿದವಳ ಮುಂದೆ ಪಾಠ ಒಪ್ಪಿಸುತ್ತಾನೆ! ನನ್ನ ಮೈಯೆಲ್ಲ ಉರಿದುಹೋಯಿತು.

ಮಲಗಿದ್ದ ಅವ್ವ ಎದ್ದು ಕುಳಿತಳು. “ಡಾಕ್ಟರ್ ನಿನಗ ತಿಳಿಸಿ ಹೇಳಿರಲಿಲ್ಲೇನು?”

“ಕೇಳಿದ್ರ ಬೈತಾರ್ರಿ.”

“ನಡೀರಿ ಇಬ್ಬರೂ,” ಎಂದು ಸೀರೆ ಸರಿಮಾಡಿಕೊಂಡಳು.

ದವಾಖಾನೆ ತುಂಬಿತ್ತು. ಅವ್ವ ಕಟ್ಟು ಹಾಕಿದ ಕೈಯನ್ನು ಡಾಕ್ಟರ ಮೇಜಿನ ಮೇಲೆಯೇ ಇಟ್ಟಳು. “ಮುಂಜಾನೆ ತಗೋ ಅಂತ ಬಾಯಿಬಿಟ್ಟು ಅಂದಿದ್ರ ನಾಲಗಿ ಸವೀತಿತ್ತೇನ್ರಿ?”

“ಒಬ್ಬೊಬ್ಬರಿಗೂ ಹೇಳ್ತಾ ಕೂತರೆ ಆಗ್ತದಾ ಅಮ್ಮ? ಓದ್ಲಿಕ್ಕೆ ಬಾರದ್ದು ಅವನ ತಪ್ಪು.”

“ಹಂಗಾರ ಇವನ ಕಾಗದಕ್ಕ ಸಹಿ ಹಾಕ್ರಿ. ಇಲ್ಲಾಂದ್ರ ಇಲ್ಲಿ ಕುಂತವರ ಚೀಟ್ಯಾಗ ಏನೈತಿ, ಈಗs ಹೇಳ್ರಿ.”

ಬೆಂಚಿನ ಮೇಲಿದ್ದ ಮಂಗಳೂರಿನ ಹೆಂಗಸೊಬ್ಬಳು ಮೊದಲು ಎದ್ದಳು. “ನನ್ನದ್ರಲ್ಲಿ ಎಂತ ಬರ್ದಿದ್ದೀರಿ ಡಾಕ್ಟ್ರೇ?” ಅವಳ ಹಿಂದೆ ಇನ್ನೊಬ್ಬ, ಮತ್ತೊಬ್ಬ. ಚೀಟಿಗಳು ಡಾಕ್ಟರ ಮೂಗಿನವರೆಗೂ ಬಂದವು. ಅವರು ಸಿದ್ದರಾಮಪ್ಪನ ಕೈಯಿಂದ ಕಾಗದ ಕಸಿದು ಸಹಿ ಗೀಚಿ ಎಸೆದರು. “ಮೊದಲು ಈ ಅಮ್ಮನನ್ನು ಕರ್ಕೊಂಡು ಹೋಗಿ ಮಾರಾಯ್ರೆ!”

ರಸ್ತೆಯಲ್ಲಿ ಸಿದ್ದರಾಮಪ್ಪ ಅಳುತ್ತ ಅವ್ವನ ಕಾಲಿಗೆ ಬಗ್ಗಿದ. ಅವಳು ಹಿಂದೆ ಸರಿದಳು.

“ಬೀಳಬ್ಯಾಡ. ಬಡವನ ಹೊಟ್ಟಿ ಮ್ಯಾಲ ಹೊಡೀಬಾರದು ಅಂತ ಬಂದೆ, ಅಷ್ಟs. ಆ ಡಾಕ್ಟರಗ ಹೇಳಾಕ ಬಾಯಿ ಬರಲಿಲ್ಲ. ನನಗ ಗೊತ್ತಿಲ್ಲ ಅನ್ನಾಕ ನಿನಗೂ ಬರಲಿಲ್ಲ. ನಿನ್ನ ನಾ ಮನ್ನಿಸಿಲ್ಲ.”