ಸಂದಿಯ ಉಸುಕು

ಮನೆಯ ಮುಂದಿನ ಸಿಮೆಂಟ್ ಕಲ್ಲಿನ ದಾರಿಯ ಮೇಲೆ ಒಂದು ಹುಲ್ಲುಕಡ್ಡಿ ಬಿದ್ದರೂ ದುಂಡವ್ವನಿಗೆ ಆಗುತ್ತಿರಲಿಲ್ಲ. ಸೊರಡಿ ಊರಿನ ಹೊರಗೆ, ಹೊಸ್ತಿಲಿನಿಂದ ಡಾಂಬರು ರಸ್ತೆಯವರೆಗೆ ಇಳಿಜಾರಾಗಿ ಹೋಗುವ ಆ ದಾರಿಯನ್ನು ಹಾಕಿಸಿದ್ದೇ ಗಂಡ ಬೀರದೇವನಿಗಾಗಿ. ಕುರಿಗಳ ಹಿಂದೆ ಕೃಷ್ಣೆಯ ದಂಡೆಯವರೆಗೂ ನಡೆಯುತ್ತಿದ್ದವನು, ಲಕ್ವಾ ಹೊಡೆದು ಬಲಗಡೆಯ ಕೈಕಾಲು ಹೋದಮೇಲೆ ಗಾಲಿಕುರ್ಚಿಗೆ ಬಂದ. ಮಣ್ಣಿನ ಅಂಗಳದಲ್ಲಿ ಗಾಲಿ ಹೂತುಕೊಳ್ಳುತ್ತಿತ್ತು.

ಅವನಿಗೆ ಬೇಕಾಗಿದ್ದುದು ಒಂದೇ. ಸಂಜೆ ತಮ್ಮ ಸೋಮನಿಂಗಪ್ಪ ಹಿಂಡು ಹೊಡೆದುಕೊಂಡು ಬರುವಾಗ ತಾನು ರಸ್ತೆಯ ಅಂಚಿನಲ್ಲಿರಬೇಕು. ನಾಲಿಗೆ ಮಡಚಿ 'ಹುರ್ರ್ಯೋ' ಎಂದು ಕೂಗಿದರೆ, ಮರಿಯಿಂದ ಸಾಕಿದ ಟಗರು ಹಿಂಡು ಬಿಟ್ಟು ಬಂದು ಅವನ ಬಲಗೈ ನೆಕ್ಕುತ್ತಿತ್ತು. ಆ ಕೈಗೆ ಅದು ತಿಳಿಯುತ್ತಿರಲಿಲ್ಲ. ಅವನು ನೋಡುತ್ತ ಕೂಡುತ್ತಿದ್ದ. ಉಳಿದ ದಿನವೆಲ್ಲ ಆ ಗಳಿಗೆಯ ಕಡೆಗೆ ತೆವಳುತ್ತಿತ್ತು.

ಗೌಂಡಿ ಮಲ್ಲಿನಾಥ ಕಲ್ಲು ಕೂಡಿಸಿ, ಮೇಲೆ ಸಣ್ಣ ಉಸುಕು ಚೆಲ್ಲಿ ಹೋಗಿದ್ದ. ಕೆಲಸ ಮುಗಿಸಿದವನು ಹೊಲಸು ಹಾಗೆಯೇ ಬಿಟ್ಟು ಹೋದನೆಂದು ದುಂಡವ್ವ ಗೊಣಗುತ್ತ ಎಲ್ಲವನ್ನೂ ಗುಡಿಸಿ ತಿಪ್ಪೆಗೆ ಹಾಕಿದಳು. ಸಂದಿಯೊಳಗೆ ಕೂತಿದ್ದನ್ನು ಕಸಬರಿಗೆಯ ಕಡ್ಡಿಯಿಂದ ಕೆದರಿ ತೆಗೆದಳು. ಹುಟ್ಟಿದಾಗಿನಿಂದ ಅಂಗಳಕ್ಕೆ ಸೆಗಣಿನೀರಿನ ಥಳಿ ಹೊಡೆದ ಕೈ ಅವಳದು. ಕಲ್ಲಿಗೂ ನಸುಕಿನಲ್ಲಿ ಥಳಿ ಹೊಡೆದಳು. ಕಲೆ ಉಳಿದೀತೆಂದು ಮೇಲೆ ಕೊಡಗಟ್ಟಲೆ ನೀರು ಸುರಿದು ತೊಳೆದಳು. ಸಂದಿಯಲ್ಲಿ ಕರಿಕೆ ಹುಲ್ಲು ಚಿಗುರಿದರೆ ಬೇರುಸಮೇತ ಕೀಳುವಳು. ಬೇರಿನ ಜೊತೆ ಒಂದಿಷ್ಟು ಉಸುಕೂ ಬರುತ್ತಿತ್ತು.

ಬೀರದೇವ ಬಾಗಿಲಲ್ಲಿ ಕುಳಿತು ನಗುತ್ತಿದ್ದ. "ನನ್ನ ಮಾರಿ ಯಾವಾಗರೆ ಹಿಂಗ ತೊಳದೀ ಏನ?"

"ನಿಮ್ಮ ಮಾರಿ ತೊಳದರ ಬೆಳ್ಳಗ ಆಗತೈತೇನ್ರಿ? ನೀರು ದಂಡ."

"ಮಾರಿ ಕರಿದಿದ್ರೂ ಟಗರ ಗುರ್ತ ಹಿಡೀತೈತಿ. ನಿನ್ನ ಕಂಡ್ರ ಓಡತೈತಿ ನೋಡು."

"ಕಸಬರಗಿ ಕಂಡು ಓಡತೈತ್ರಿ ಅದು. ನಿಮಗಿಂತ ಶ್ಯಾಣ್ಯಾ ಐತಿ."

ಮಳೆ ಶುರುವಾದಮೇಲೆ ರಸ್ತೆಯ ಹತ್ತಿರದ ಒಂದು ಕಲ್ಲು ಕಾಲಿಟ್ಟರೆ 'ಟಕ್' ಎನ್ನತೊಡಗಿತು. ಅಡಿಯಲ್ಲಿ ಕಸ ಸೇರಿರಬೇಕೆಂದು ದುಂಡವ್ವ ಅದರ ಸುತ್ತಲೂ ಇನ್ನಷ್ಟು ಕೆದರಿ, ಇನ್ನಷ್ಟು ನೀರು ಹಾಕಿದಳು.

ರಾತ್ರಿಯೆಲ್ಲ ಮಳೆ ಹೊಡೆದ ಮರುದಿನ ಸಂಜೆ, ಹಿಂಡಿನ ಕೊರಳಗಂಟೆಯ ಸದ್ದು ಕೇಳಿ ಬೀರದೇವ ಅವಸರ ಮಾಡಿದ. "ಲಗೂನ ನೂಕ, ಬಂದ್ವು." ಅವಳು ನೂಕಿದಳು. ಆ ಕಲ್ಲಿನ ಮೇಲೆ ಬರುತ್ತಲೇ ಕುರ್ಚಿಯ ಎಡಗಡೆಯ ಗಾಲಿ ಧಸಕ್ಕನೆ ಇಳಿಯಿತು. ಸುತ್ತಲಿನ ಕಲ್ಲುಗಳೂ ಮಗುಚಿಕೊಂಡವು. 'ಹುರ್ರ್ಯೋ' ಅರ್ಧ ಬಾಯಲ್ಲಿರುವಾಗಲೇ ಬೀರದೇವ ಕುರ್ಚಿಯೊಡನೆ ಉರುಳಿದ. ಕುರಿಗಳು ಬೆದರಿ ಚದುರಿದವು.

ತೊಡೆಯ ಎಲುಬು ಮುರಿದಿತ್ತು. ಸಾಂಗಲಿಯ ದವಾಖಾನೆಯಲ್ಲಿ ಪಟ್ಟಿ ಹಾಕಿಸಿಕೊಂಡು ಬಂದವನು ಗೋಡೆಯ ಕಡೆ ಮುಖಮಾಡಿ ಮಲಗಿದ.

ಕಲ್ಲು ಮತ್ತೆ ಕೂಡಿಸಲು ಬಂದ ಮಲ್ಲಿನಾಥ ಸಂದಿಗೆ ಬೆರಳು ಹಾಕಿ ನೋಡಿದ. "ಕಾಕಿ, ಇದರಾಗಿನ ಉಸುಕು ಎಲ್ಲಿ ಹೋತು?"

"ನೀ ಹೊಲಸು ಬಿಟ್ಟು ಹೋಗಿದ್ದೆಲ್ಲಪಾ. ನಾನ ಕಡ್ಡೀಲೆ ಕೆದರಿ ತಗದೆ."

ಮಲ್ಲಿನಾಥ ಬೆರಳಿನ ಕೆಸರು ಒರೆಸಿಕೊಂಡ. "ಹೊಲಸಲ್ಲ ಕಾಕಿ ಅದು. ಕಲ್ಲು ಒಂದನ್ನೊಂದು ಹಿಡಕೊಂಡು ನಿಂದ್ರೂದು ಅದರ ಮ್ಯಾಲ. ಉಸುಕು ಹೋತಂದ್ರ ನೀರು ಇಳದು ಬುಡಾ ಕೊಚ್ಚತೈತಿ. ನಾ ಹೇಳಬೇಕಾಗಿತ್ತು. ನಿಮಗ ಗೊತ್ತಿರಬೇಕು ಅಂತ ತಿಳದೆ."

ಬಾಗಿಲು ತೆರೆದಿತ್ತು. ಒಳಗಿನ ಹಾಸಿಗೆಗೆ ಎಲ್ಲವೂ ಕೇಳಿಸುವಷ್ಟು ಹತ್ತಿರ.

ಕೆಲಸ ಮುಗಿದ ಸಂಜೆ ದುಂಡವ್ವ ಹಾಸಿಗೆಯ ಬಳಿ ನಿಂತಳು. "ರೀ, ದಾರಿ ಗಟ್ಟಿ ಆಗೇತ್ರಿ. ಡಾಕ್ಟರ್ ಕುಂದ್ರಬೌದು ಅಂದಾರ. ಕುರಿ ಬರೂ ಹೊತ್ತಾತು, ಏಳ್ರಿ."

ಅವನು ತಿರುಗಲಿಲ್ಲ. "ನೀ ಹೋಗು. ಕಸಾ ಹೊಡಕೋ."

ಅವನ ಚೇಷ್ಟೆಯ ಮಾತೆಲ್ಲ ಅವಳಿಗೆ ಗೊತ್ತಿತ್ತು. ಇದು ಚೇಷ್ಟೆಯಲ್ಲ.

ಸೋಮನಿಂಗಪ್ಪ ಹಿಂಡನ್ನು ರಸ್ತೆಯಲ್ಲಿ ನಿಲ್ಲಿಸಿ, ಟಗರನ್ನು ಹಿಡಿದುಕೊಂಡು ಹೊಸ್ತಿಲವರೆಗೆ ಬಂದ. ಒಂದು ಕಲ್ಲೂ ಅಲುಗಲಿಲ್ಲ. "ಅಣ್ಣಾ, ಒಮ್ಮಿ ಕೂಗೋ. ಇಲ್ಲೇ ಬಂದೈತಿ."

ಟಗರು ಕಿವಿ ನಿಮಿರಿಸಿ ನಿಂತಿತು. ಬೀರದೇವನ ಬೆನ್ನು ಉಸಿರಾಡುವುದು ಮಾತ್ರ ಕಾಣುತ್ತಿತ್ತು. ಕಾದು ಕಾದು ಟಗರು ಅಲ್ಲಿಯೇ ಹಿಕ್ಕೆ ಹಾಕಿ, ಕೊರಳು ಕೊಸರಿಕೊಂಡು ಹಿಂಡಿನ ಕಡೆ ಇಳಿಯಿತು.

"ನಾಳಿ ಮತ್ತ ತರ್ತೀನಿ ವೈನಿ," ಎಂದ ಸೋಮನಿಂಗಪ್ಪ ಅತ್ತಿಗೆಗೆ.

"ಬ್ಯಾಡಪಾ."

ಅವರು ಹೋದಮೇಲೆ ದುಂಡವ್ವನ ಕೈ ತಾನಾಗಿಯೇ ಕಸಬರಿಗೆಗೆ ಹೋಯಿತು. ಎತ್ತಿಕೊಂಡವಳು ಮತ್ತೆ ಗೋಡೆಗೆ ಆನಿಸಿಟ್ಟಳು. ಕುಕ್ಕರಗಾಲಲ್ಲಿ ಕುಳಿತು, ಸಂದಿಯ ಉಸುಕು ಕದಡದ ಹಾಗೆ, ಹಿಕ್ಕೆಗಳನ್ನು ಎರಡು ಬೆರಳಲ್ಲಿ ಒಂದೊಂದಾಗಿ ಆರಿಸತೊಡಗಿದಳು. ಕಪ್ಪಾಗುತ್ತ ಬಂದ ಕಲ್ಲಿನ ಮೇಲೆ ಏನೂ ಕಾಣದಂತಾದ ಮೇಲೂ ಬೆರಳುಗಳು ತಡವುತ್ತಲೇ ಇದ್ದವು.