ಮೂವತ್ತೆಂಟು ಸ್ಥಳ, ಆರು ದಿನ

ನಗರಸಭೆಯ ನಕ್ಷೆ ವಿಭಾಗದಲ್ಲಿ ಕೂತು ಮೂವತ್ತೊಂದು ವರ್ಷ ಚರಂಡಿಗಳನ್ನೇ ಬರೆದ ಮನುಷ್ಯನಿಗೆ ಪ್ಯಾರಿಸ್ಸಿನ ಹುಚ್ಚು ಹೇಗೆ ಹಿಡಿಯಿತು ಎಂದು ಯಾರೂ ಕೇಳಬೇಡಿ. ಕಾರಣ ಇದ್ದಿದ್ದರೆ ಅದನ್ನು ಹುಚ್ಚು ಎಂದು ಯಾರು ಕರೆಯುತ್ತಿದ್ದರು? ಕಚೇರಿಯಲ್ಲಿ ಎದುರಿಗೆ ಅವರು ಸಾರ್, ಬೆನ್ನ ಹಿಂದೆ ಅಡಿಕೋಲಪ್ಪ. ಟೀ ಲೋಟವನ್ನು ಕೂಡ ಮೇಜಿನ ಅಂಚಿನಿಂದ ಒಂದು ಗೇಣು ಒಳಗೆ ಇಟ್ಟರೆ ಮಾತ್ರ ಕುಡಿಯುವ ಗಿರಾಕಿ. ತಾವು ಬರೆದ ಚರಂಡಿಯಲ್ಲಿ ನೀರು ನಿಂತರೆ ತಪ್ಪು ನೀರಿನದೇ ಎಂದು ನಂಬಿದವರು.

ಒಂಬತ್ತು ವರ್ಷದ ಹಿಂದೆ ಒಂದು ಭಾನುವಾರ ಅವರು ಹೆಂಡತಿಗೆ ಘೋಷಿಸಿದರು: "ನಿವೃತ್ತಿಯಾದ ತಿಂಗಳೇ ನಾವಿಬ್ಬರೂ ಪ್ಯಾರಿಸ್ಸಿಗೆ ಹೋಗೋದು. ಆರು ದಿನ, ಮೂವತ್ತೆಂಟು ಸ್ಥಳ."

"ಅಲ್ಲೂ ಚರಂಡಿ ನೋಡೋಕಾ?"

"ಅದೂ ಇದೆ. ಇಪ್ಪತ್ತೇಳನೇ ಸ್ಥಳ," ಎಂದರು ಅಡಿಕೋಲಪ್ಪ, ನಗದೆ.

ಯಾವ ಕೆಲಸಕ್ಕೂ ಮೊದಲು ಒಂದು ಮೂಲ ಅಳತೆ ಬೇಕು ಎಂಬುದು ಅವರ ವೃತ್ತಿಧರ್ಮ. ಹೆಂಡತಿಯನ್ನು ಬಡಾವಣೆಯ ಪಾರ್ಕಿಗೆ ಕರೆದೊಯ್ದು, ಗಡಿಯಾರ ಹಿಡಿದು, ಒಂದು ಸುತ್ತು ನಡೆಸಿದರು. ನಾನೂರು ಮೀಟರು, ಆರು ನಿಮಿಷ. ಟ್ರೇಸಿಂಗ್ ಹಾಳೆಯ ಕೆಳಮೂಲೆಯಲ್ಲಿ ಬರೆದರು: "ನಡಿಗೆ: ಗಂಟೆಗೆ ನಾಲ್ಕು ಕಿ.ಮೀ." ಆ ಒಂದು ಸಾಲಿನ ಮೇಲೆ ಒಂಬತ್ತು ವರ್ಷ ಅರಮನೆ ಕಟ್ಟಿದರು. ಪ್ಯಾರಿಸ್ಸಿನ ನಕ್ಷೆಯ ಮೇಲೆ ದಾರ ಹಾಸಿ ಬೀದಿಗಳ ಉದ್ದ ತೆಗೆದರು. ದೊಡ್ಡ ಮ್ಯೂಸಿಯಮ್ಮಿಗೆ ಮಂಗಳವಾರ ರಜೆ ಎಂದು ತಿಳಿದಾಗ ಎರಡು ತಿಂಗಳು ಕೂತು ವಾರವನ್ನೇ ತಿರುಗಿಸಿ ಹಾಕಿದರು. ಮನೆಗೆ ಬಂದ ನೆಂಟರು ಕಾಲು ತೊಳೆಯುವುದರೊಳಗೆ ಹಾಳೆ ಬಿಚ್ಚುತ್ತಿದ್ದರು. "ನೋಡಿ, ನಾಲ್ಕನೇ ದಿನ ಹನ್ನೊಂದು ಹತ್ತಕ್ಕೆ ನಾವು ಈ ಸೇತುವೆ ಮೇಲಿರ್ತೀವಿ." ಇವರು ಬರುವುದು ತಡವಾದರೆ ಸೇತುವೆ ಬೇಜಾರು ಮಾಡಿಕೊಂಡು ಎದ್ದು ಹೋಗುತ್ತದೇನೋ ಎಂಬ ಧಾಟಿ!

ಹೆಂಡತಿ ಮೊದಮೊದಲು ನಕ್ಕರು. ಆಮೇಲೆ ಅವರಿಗೂ ಆಸೆ ಅಂಟಿತು. ಗ್ರಂಥಾಲಯದ ಪುಸ್ತಕ ನೋಡಿ ಆ ಭಾಷೆಯಲ್ಲಿ ನಮಸ್ಕಾರ ಹೇಳುವುದನ್ನು ಕಲಿತು ತರಕಾರಿಯವಳ ಮೇಲೆ ಪ್ರಯೋಗಿಸಿದರು. ಮೆತ್ತನೆ ಅಟ್ಟೆಯ ಶೂ ಕೊಂಡು ಪೆಟ್ಟಿಗೆಯಲ್ಲೇ ಇಟ್ಟರು. ಕೇಳಿದ್ದು ಒಂದೇ.

"ಆ ನದಿ ದಂಡೇಲಿ ಒಂದು ಬೆಂಚಿನ ಮೇಲೆ ಸುಮ್ಮನೆ ಕೂತ್ಕೋಬೇಕು ರೀ."

"ಸುಮ್ಮನೆ ಅಂದ್ರೆ ಎಷ್ಟು ನಿಮಿಷ?"

"ಸಾಕು ಅನ್ನಿಸೋವರೆಗೆ."

ಅಂಥ ಗುರುತು ಯಾವ ಅಡಿಕೋಲಿನ ಮೇಲೂ ಇಲ್ಲ. ಹನ್ನೆರಡು ನಿಮಿಷ ಮಂಜೂರು ಮಾಡಿದರು.

ಈ ನಡುವೆ ಆಕೆಯ ಮಂಡಿಗಳು ಯಾರ ಮಂಜೂರಾತಿಗೂ ಕಾಯಲಿಲ್ಲ. ಮೆಟ್ಟಿಲು ಹತ್ತುವಾಗ ಒಂದೊಂದು ಮೆಟ್ಟಿಲಿನ ಮೇಲೂ ಎರಡು ಕಾಲೂ ಇಟ್ಟು ನಿಲ್ಲತೊಡಗಿದರು. ಅಡಿಕೋಲಪ್ಪನವರು ಗಮನಿಸಲಿಲ್ಲ. ಅಳೆದಾಗಿದೆಯಲ್ಲ, ಇನ್ನು ನೋಡುವುದೇನು?

ನಿವೃತ್ತಿಗೆ ಮೂರು ತಿಂಗಳಿರುವಾಗ ಮಗಳು ಬಂದಳು. ಆಸ್ಪತ್ರೆಯ ಮೂಳೆ ವಿಭಾಗದಲ್ಲಿ ನರ್ಸು. ಹಾಳೆಯ ಮೂಲೆ ನೋಡಿ ಹುಬ್ಬೇರಿಸಿದಳು.

"ಅಪ್ಪಾ, ಈ ನಡಿಗೆ ಯಾರ್ದು?"

"ನಿಮ್ಮಮ್ಮಂದು. ಖುದ್ದು ಅಳೆದಿದ್ದು."

"ಚರಂಡೀನಾದ್ರೂ ವರ್ಷಕ್ಕೊಂದ್ಸಲ ತೆಗೆದು ನೋಡ್ತಾರಪ್ಪಾ. ಅಮ್ಮನ ಮಂಡಿ ಯಾವಾಗ ನೋಡಿದ್ದೆ?"

ಮರುದಿನ ಬೆಳಿಗ್ಗೆ ಮತ್ತೆ ಅದೇ ಪಾರ್ಕು. ಹೆಂಡತಿ ಹೊಸ ಶೂ ಹಾಕಿಕೊಂಡು, ಪರೀಕ್ಷೆಗೆ ಬಂದವರಂತೆ ಹೊರಟರು. ಅರ್ಧ ಸುತ್ತಿಗೆ ಒಂದು ಕಡೆ ಕೂತರು. ಮುಂದೆ ಹೋಗಿ ಮತ್ತೊಂದು ಕಡೆ ಕೂತಾಗ, "ಇದನ್ನ ಲೆಕ್ಕಕ್ಕೆ ತಗೋಬೇಡಿ, ಲೇಸ್ ಕಟ್ಕೋತಿದ್ದೀನಿ," ಎಂದು ಬಗ್ಗಿದರು. ಆ ಶೂಗೆ ಲೇಸೇ ಇರಲಿಲ್ಲ. ಹದಿನಾಲ್ಕು ನಿಮಿಷ.

ಅಡಿಕೋಲಪ್ಪನವರು ನಾಲ್ಕು ದಿನ ಹಾಳೆಯ ಮುಂದೆ ಕೂತರು. ಹೊಸ ನಡಿಗೆ ಹಾಕಿದರೆ ಮೂವತ್ತೆಂಟು ಸ್ಥಳ ಹದಿನಾಲ್ಕಕ್ಕೆ ಇಳಿಯಿತು. ಒಂಬತ್ತು ವರ್ಷದ ಹಾಳೆಗೆ ಗೆದ್ದಲು ಹತ್ತಿದಂತಾಯಿತು. ಐದನೆಯ ದಿನ ದಾರಿ ಹೊಳೆಯಿತು. ನೆಗಡಿಯಾದರೆ ಮೂಗು ಕೊಯ್ಯುವ ದಾರಿ: ತಮ್ಮೊಬ್ಬರ ನಡಿಗೆ ಹಾಕಿ ನೋಡಿದರು. ಮೂವತ್ತೆಂಟಲ್ಲ, ನಲವತ್ತಮೂರು! ಶಿಳ್ಳೆ ಹಾಕುತ್ತ ಸ್ನಾನಕ್ಕೆ ಹೋದರು.

ತಲೆ ಒರೆಸಿಕೊಳ್ಳುತ್ತ ಬಂದಾಗ ಹೆಂಡತಿ ಮೇಜಿನ ಬಳಿ ನಿಂತು ಹಾಳೆಯ ಮೇಲೆ ಬೆರಳಾಡಿಸುತ್ತಿದ್ದರು.

"ಇಲ್ಲಿ ಯಾಕ್ರೀ ಒರಟಾಗಿದೆ?"

"ಬ್ಲೇಡಲ್ಲಿ ಕೆರೆದಿದ್ದು. ಇಂಡಿಯನ್ ಇಂಕು ರಬ್ಬರಿಗೆ ಹೋಗಲ್ಲ. ಪ್ರತಿ ತೆಗೆದ್ರೆ ಕಾಣಲ್ಲ ಬಿಡು."

"'ಇಬ್ಬರು' ಅಂತಿತ್ತು ಇಲ್ಲಿ."

"ಹ್ಞೂಂ."

"ಬೆಂಚೂ ಹೋಯ್ತಾ?"

"ನೀನೇ ಬರದಿದ್ಮೇಲೆ ಬೆಂಚು ಯಾಕೆ? ನಿನ್ನ ಒಳ್ಳೇದಕ್ಕೇ ಕಣೇ. ಅಲ್ಲಿ ಎಲ್ಲಿ ನೋಡಿದ್ರೂ ಮೆಟ್ಟಿಲು."

"ಹದಿನಾಲ್ಕು ಸ್ಥಳ ನೋಡಿದ್ರೆ ಆಗ್ತಿರಲಿಲ್ವಾ?"

"ಅಷ್ಟು ದೂರ ಹೋಗಿ ಹದಿನಾಲ್ಕಾ? ಕಚೇರಿಯವರಿಗೆಲ್ಲ ಮೂವತ್ತೆಂಟು ಅಂತ ಹೇಳಿದೀನಿ. ನಗಲ್ವಾ?"

ಹೆಂಡತಿ ಅಳಲಿಲ್ಲ. ಅತ್ತಿದ್ದರೆ ಸಮಾಧಾನಕ್ಕೆ ಮಾತು ಸಿದ್ಧವಿತ್ತು. ಹಾಳೆಯನ್ನು ನೀಟಾಗಿ ಸುತ್ತಿಟ್ಟು ಒಳಗೆ ಹೋದರು. ಅಡಿಕೋಲಪ್ಪನವರು ಅದನ್ನು ಒಪ್ಪಿಗೆ ಎಂದು ದಾಖಲಿಸಿಕೊಂಡರು.

ಟಿಕೆಟ್ಟು ಬಂದ ದಿನ ಮಗಳೂ ಮನೆಯಲ್ಲಿದ್ದಳು. ಅಡಿಕೋಲಪ್ಪನವರು ತಾರೀಖುಗಳನ್ನು ಓದಿ ಹೇಳಿದರು. ಹೆಂಡತಿ ಬಟ್ಟೆ ಮಡಿಸುತ್ತಿದ್ದವರು ತಲೆಯೆತ್ತದೆ ಅಂದರು: "ಗೊತ್ತು. ನಿಮ್ಮ ಮೂರನೇ ದಿನ ನನ್ನ ಮಂಡಿ ಆಪರೇಷನ್ನು. ಇವಳ ಆಸ್ಪತ್ರೇಲೇ."

"ಆಪರೇಷನ್ನಾ? ನನಗೆ ಹೇಳದೆ?"

"ಹೇಳ್ತಿದ್ದೀನಲ್ಲ."

"ಒಂದು ವಾರ ಮುಂದಕ್ಕೆ ಹಾಕ್ಬಹುದಿತ್ತಲ್ಲ. ಅಷ್ಟೊತ್ತಿಗೆ ನಾನು ಬಂದಿರ್ತಿದ್ದೆ."

"ಅದಕ್ಕೇ ಹಾಕಲಿಲ್ಲ," ಎಂದು ಹೆಂಡತಿ ಇನ್ನೊಂದು ಬಟ್ಟೆ ಎತ್ತಿಕೊಂಡರು. "ನೀವಿದ್ರೆ ಹಾಸಿಗೆಯಿಂದ ಬಾಗಿಲಿಗೆ ಎಷ್ಟು ನಿಮಿಷ ಅಂತ ಗಡಿಯಾರ ಹಿಡ್ಕೊಂಡು ನಿಂತಿರ್ತೀರ. ನಾನು ನಿಧಾನವಾಗಿ ನಡೆಯೋದು ಕಲೀಬೇಕು."

ಮಗಳು ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಏನು ಹೇಳಬೇಕೆಂದು ಅವರಿಗೆ ತಿಳಿಯದ್ದೇನಲ್ಲ. "ನಾನು ಹೋಗಲ್ಲ" ಎಂಬ ಮಾತು ಗಂಟಲವರೆಗೆ ಬಂದೇ ಬಂದಿತ್ತು. ಅದರ ಹಿಂದೆಯೇ ನಲವತ್ತಮೂರು ಸ್ಥಳಗಳೂ ನೂಕಾಡುತ್ತ ಬಂದವು. ಗಂಟಲು ಚಿಕ್ಕದು.

"ಎಷ್ಟು ಗಂಟೆಗೆ ಆಪರೇಷನ್ನು?" ಎಂದರು.

"ಬೆಳಿಗ್ಗೆ ಹತ್ತಕ್ಕೆ."

ಅಡಿಕೋಲಪ್ಪನವರು ಬೆರಳು ಮಡಿಸಿ ಎಣಿಸಿದರು. ಮುಖ ಸ್ವಲ್ಪ ಅರಳಿತು. "ಆಗ ಅಲ್ಲಿ ಇನ್ನೂ ಬೆಳಕೇ ಹರಿದಿರಲ್ಲ. ನಾನು ಹೊರಗೆ ಹೊರಡೋದು ಎಂಟಕ್ಕೆ. ಬೇಗ ಎದ್ದು ಫೋನ್ ಮಾಡ್ತೀನಿ."

"ಮಾಡಿ," ಎಂದರು ಹೆಂಡತಿ. "ನನಗೆ ಆಗ ಎಚ್ಚರ ಇರಲ್ಲ."